ಬಿಸಿಲಿಗೆ ಮೈಯೊಡ್ಡುವ ಬಿದಿರು ಆರ್ಕಿಡ್

ಹೂ ಇಲ್ಲದ ದಿನಗಳಲ್ಲಿ ಈ ಗಿಡವನ್ನು ತೋರಿಸಿ ಆರ್ಕಿಡ್ ಎಂದರೆ ಯಾರೂ ನಂಬುವುದಿಲ್ಲ. ನೆಲದಿಂದ ಒತ್ತೊತ್ತಾಗಿ ಎದ್ದ ತೆಳ್ಳನೆಯ ಹಸಿರು ಕಡ್ಡಿಗಳು. ಕಡ್ಡಿಯ ಎರಡೂ ಮಗ್ಗುಲಲ್ಲಿ ಹುಲ್ಲಿನ ಗರಿಯಂಥ ಎಲೆಗಳು, ಗೆಣ್ಣು ಗೆಣ್ಣಿಗೂ ಕಡ್ಡಿಯನ್ನು ಅಪ್ಪಿಕೊಂಡ ಎಲೆಬುಡ. ಎಳೆ ಬಿದಿರಿನ ಮೆಳೆ ಎಂದುಕೊಂಡು ದಾಟಿಹೋಗುವವರೇ ಹೆಚ್ಚು. ಬೆಳಗಿನ ಹೊತ್ತು ಕಡ್ಡಿಯ ತುದಿಯಲ್ಲಿ ಮೊಗ್ಗು ಬಿರಿದ ಮೇಲೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಐದರಿಂದ ಎಂಟು ಸೆಂಟಿಮೀಟರ್ ಅಗಲದ ಹೂ, ತಿಳಿ ಗುಲಾಬಿಯೋ ಬಿಳಿಯೋ ಎಂದು ಹೇಳಲಾಗದ ದಳಗಳು, ಮುಂದಕ್ಕೆ ಚಾಚಿದ ಗಾಢ ನೇರಳೆ ತುಟಿ, ಅದರ ಗಂಟಲಲ್ಲಿ ಹಳದಿ. ಗಾಜಿನ ಮನೆಗಳಲ್ಲಿ ಸಾಕುವ ದುಬಾರಿ ಕ್ಯಾಟ್ಲಿಯಾ ಹೂವಿನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಬಳಗದವು ಎಂದು ಮಕ್ಕಳೂ ಹೇಳಿಯಾರು.

ಇದು ಬಿದಿರು ಆರ್ಕಿಡ್. ಸಸ್ಯಶಾಸ್ತ್ರದಲ್ಲಿ ಅರುಂಡಿನಾ ಗ್ರಾಮಿನಿಫೋಲಿಯಾ. ನಮ್ಮ ಪಶ್ಚಿಮ ಘಟ್ಟದಿಂದ ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್, ದಕ್ಷಿಣ ಚೀನಾ, ಮಲೇಷ್ಯಾ, ಇಂಡೊನೇಷ್ಯಾಗಳವರೆಗೂ ಹಬ್ಬಿರುವ ನೆಲದ ಆರ್ಕಿಡ್. 1825ರಲ್ಲಿ ನೇಪಾಳದ ಸಸ್ಯಗಳನ್ನು ಕುರಿತು ಬರೆದ ಡೇವಿಡ್ ಡಾನ್ ಇದನ್ನು ಬ್ಲೆಟಿಯಾ ಎಂಬ ಬೇರೊಂದು ಕುಲಕ್ಕೆ ಸೇರಿಸಿದ್ದರು; ಈಗಿನ ಹೆಸರು ಗಟ್ಟಿಯಾದದ್ದು 1910ರಲ್ಲಿ. ಮನೆಯಂಗಳದಲ್ಲಿ ಆರ್ಕಿಡ್ ಬೆಳೆಸುವ ಆಸೆಯಿದ್ದು, ಮೊದಲು ಯಾವುದನ್ನು ತರಲಿ ಎಂದು ಕೇಳುವವರಿಗೆ ನಾನು ಹೇಳುವ ಹೆಸರು ಇದೊಂದೇ.

ಕಾರಣವಿದೆ. ಆರ್ಕಿಡ್ ಎಂದರೆ ನೆರಳಿನ ಗಿಡ, ಮರದ ಗಿಡ, ನಾಜೂಕಿನ ಗಿಡ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮಲೆನಾಡಿನವರಿಗೆ ಆರ್ಕಿಡ್ ಎಂದರೆ ಹಲಸಿನ ಮರದ ಕೊಂಬೆಯಿಂದ ಜೋತುಬಿದ್ದ ಸೀತಾಳೆ ದಂಡೆ. ಪೇಟೆಯವರಿಗೆ ಹವಾನಿಯಂತ್ರಿತ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗಿನ ಫೆಲನೋಪ್ಸಿಸ್. ಎರಡೂ ಮರದ ಮೇಲೆ ಬೆಳೆಯುವ ಜಾತಿಗಳೇ. ಆದರೆ ಭಾರತೀಯ ಸಸ್ಯ ಸರ್ವೇಕ್ಷಣೆ 2019ರಲ್ಲಿ ಹೊರತಂದ ಸಚಿತ್ರ ಗ್ರಂಥದ ಲೆಕ್ಕ ಬೇರೆಯದನ್ನೇ ಹೇಳುತ್ತದೆ: ದೇಶದ 1,256 ಆರ್ಕಿಡ್ ಜಾತಿಗಳಲ್ಲಿ 757 ಮರದ ಮೇಲೆ ಬೆಳೆದರೆ, 447 ನೆಲಕ್ಕೆ ಬೇರಿಳಿಸಿದವು. ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಆ ನೆಲದ ಆರ್ಕಿಡ್‌ಗಳಲ್ಲೂ ಬಹಳಷ್ಟು ಕಾಡಿನ ದರಗಿನ ಅಡಿ, ಮಬ್ಬು ಬೆಳಕಿನಲ್ಲಿ ಬದುಕುವಂಥವು. ಮಳೆಗಾಲದಲ್ಲಿ ಎದ್ದು ಹೂ ಬಿಟ್ಟು, ಮಳೆ ನಿಂತ ಮೇಲೆ ಗಡ್ಡೆಯಾಗಿ ಮಲಗುವ ಹಬೆನೇರಿಯಾ ಜಾತಿಗಳೂ ಅವುಗಳಲ್ಲಿವೆ. ಬಟಾಬಯಲಿನಲ್ಲಿ, ನೆತ್ತಿಯ ಮೇಲಿನ ಬಿಸಿಲಿಗೆ ಮೈಯೊಡ್ಡಿ, ಆಳೆತ್ತರ ಬೆಳೆದು, ಹೆಚ್ಚು ಕಡಿಮೆ ವರ್ಷವಿಡೀ ಹೂ ಬಿಡುವ ನಮ್ಮ ನೆಲದ ಆರ್ಕಿಡ್ ಎಂದರೆ ಬಿದಿರು ಆರ್ಕಿಡ್ಡೇ.

ಧರೆಯ ಮೇಲಿನ ಗಿಡ

ಮುನ್ನಾರ್ ಕಡೆ ಹೋದವರು ಇದನ್ನು ನೋಡಿಯೇ ಇರುತ್ತಾರೆ, ಗುರುತಿಸಿರಲಾರರು ಅಷ್ಟೆ. ಘಟ್ಟದ ರಸ್ತೆಗೆ ಗುಡ್ಡ ಕಡಿದಾಗ ಉಳಿಯುವ ಬೆತ್ತಲೆ ಧರೆ, ಹುಲ್ಲುಗಾವಲಿನ ಇಳಿಜಾರು, ತೊರೆಯ ದಡದ ಕಲ್ಲುಸಂದಿ ಇದರ ನೆಲೆ. ಗೊಬ್ಬರವಿಲ್ಲದ ಮಣ್ಣು, ಸುರಿದ ನೀರು ಕ್ಷಣದಲ್ಲಿ ಇಳಿದುಹೋಗುವ ಜಾಗ, ಮರದ ನೆರಳಿನ ಸುಳಿವಿಲ್ಲ. ಮರ ಬೆಳೆದು ನೆರಳು ಕವಿದರೆ ಈ ಗಿಡ ಅಲ್ಲಿಂದ ಹಿಂದೆ ಸರಿಯುತ್ತದೆ. ಮಣ್ಣು ಕುಸಿದು ಹೊಸ ನೆಲ ತೆರೆದುಕೊಂಡಲ್ಲಿಗೆ ಅದರ ಬೀಜ ಗಾಳಿಯಲ್ಲಿ ಬಂದು ಇಳಿಯುತ್ತದೆ.

ಹೊಸ ನೆಲವನ್ನು ಹಿಡಿಯುವ ಅದರ ಈ ಗುಣಕ್ಕೆ ಜಗತ್ತಿನ ಅತಿ ದೊಡ್ಡ ಸಾಕ್ಷಿ ಸಿಕ್ಕಿದ್ದು ಇಂಡೊನೇಷ್ಯಾದ ಕ್ರಕಟೋವಾದಲ್ಲಿ. 1883ರ ಆಗಸ್ಟ್‌ನಲ್ಲಿ ಆ ಜ್ವಾಲಾಮುಖಿ ಸಿಡಿದು ದ್ವೀಪದ ಬಹುಭಾಗ ಸಮುದ್ರದ ಪಾಲಾಯಿತು. ಉಳಿದ ತುಣುಕಿನ ಮೇಲೆ ಬಿಸಿ ಬೂದಿ ಹತ್ತಾರು ಮೀಟರ್ ದಪ್ಪಕ್ಕೆ ಕೂತಿತು. ಹಸಿರೆಂಬುದೇ ಉಳಿಯಲಿಲ್ಲ. ಬರಿದಾದ ಆ ನೆಲಕ್ಕೆ ಜೀವ ಮರಳುವ ಬಗೆಯನ್ನು ದಾಖಲಿಸಲು ಸಸ್ಯಶಾಸ್ತ್ರಜ್ಞರು ಮತ್ತೆ ಮತ್ತೆ ಅಲ್ಲಿಗೆ ಹೋದರು. ಹದಿನೈದು ವರ್ಷ ತುಂಬುವ ಮೊದಲೇ ಅವರ ಪಟ್ಟಿಯಲ್ಲಿ ಕೆಲವು ಆರ್ಕಿಡ್‌ಗಳು ಸೇರಿದ್ದವು, ಬಿದಿರು ಆರ್ಕಿಡ್ ಅವುಗಳಲ್ಲೊಂದು. ನಾಜೂಕಿನ ಗಿಡ ಎಂದು ನಾವು ಹೆದರುವ ಕುಟುಂಬದ ಸದಸ್ಯ ಜ್ವಾಲಾಮುಖಿಯ ಬೂದಿಯಲ್ಲಿ ಮೊದಲು ಬಂದ ಗಿಡಗಳ ಸಾಲಿನಲ್ಲಿ ನಿಂತಿತ್ತು. ತೋಟಗಳಿಂದ ತಪ್ಪಿಸಿಕೊಂಡು ಹೋದ ಇದೇ ಗಿಡ ಇಂದು ಹವಾಯಿ ದ್ವೀಪದ ಲಾವಾ ಬಂಡೆಗಳ ಮೇಲೂ ರಸ್ತೆ ಬದಿಯಲ್ಲೂ ತಾನೇ ತಾನಾಗಿ ಬೆಳೆಯುತ್ತಿದೆ. ಮಲೇಷ್ಯಾದ ತಾಪಾ ಊರಿನ ಸುತ್ತ ಎಷ್ಟು ಹೇರಳವಾಗಿತ್ತೆಂದರೆ ಅಲ್ಲಿಯವರು ಅದನ್ನು ‘ತಾಪಾ ಕಳೆ’ ಎಂದೇ ಕರೆದರು.

ಧರೆ, ಬೂದಿ, ಲಾವಾ ಬಂಡೆ ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡರೆ ಮನೆಯಲ್ಲಿ ಇದನ್ನು ಬೆಳೆಸುವ ಬಗೆ ಅರ್ಧ ತಿಳಿದಂತೆಯೇ. ಮೂರರಲ್ಲೂ ಬಿಸಿಲು ಹೇರಳ, ನೀರು ನಿಲ್ಲುವುದಿಲ್ಲ, ಅಕ್ಕಪಕ್ಕದ ಗಿಡಗಳ ಪೈಪೋಟಿಯಿಲ್ಲ. ಜೊತೆಗೆ ಮಳೆ ಧಾರಾಳ. ಈ ಕೊನೆಯದನ್ನು ಮರೆತು, ಬಿಸಿಲು ತಾಳುವ ಗಿಡ ಬರವನ್ನೂ ತಾಳುತ್ತದೆಂದು ನೀರು ಕಡಿಮೆ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಇದರ ಕಡ್ಡಿಯಲ್ಲಿ ಕ್ಯಾಟ್ಲಿಯಾದ ಹಾಗೆ ನೀರು ಕೂಡಿಡುವ ಉಬ್ಬಿದ ಕಾಂಡವಿಲ್ಲ, ಎಲೆಯೂ ತೆಳು. ಕೂಡಿಟ್ಟ ನೀರಿಲ್ಲದ ಗಿಡಕ್ಕೆ ದಿನದಿನದ ತೇವವೇ ಆಧಾರ.

ಕುಂಡ, ಮಣ್ಣು, ಬಿಸಿಲು

ಆರ್ಕಿಡ್ ಮಾರುವ ಅಂಗಡಿಗಳಲ್ಲಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ಮಿಶ್ರಣವನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಮರದ ಆರ್ಕಿಡ್‌ಗಳಿಗೆ ಅದು ಸರಿ. ಬಿದಿರು ಆರ್ಕಿಡ್ ಅದರಲ್ಲಿ ಒಣಗಿ ಸೊರಗುತ್ತದೆ, ಏಕೆಂದರೆ ಅದರ ಬೇರು ಮಣ್ಣಿನಲ್ಲಿ ಹರಡುವಂಥದ್ದು. ಅದಕ್ಕೆ ಬೇಕಾದದ್ದು ಮಣ್ಣು, ಆದರೆ ಅಂಟದ ಮಣ್ಣು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ, ಒಂದೆರಡು ಹಿಡಿ ತೆಂಗಿನ ನಾರು. ಕರಾವಳಿಯವರು ಮರಳಿನ ಬದಲು ಮುರಕಲ್ಲಿನ ನುರಿಯನ್ನು ಹಾಕಬಹುದು, ಅದು ಇನ್ನೂ ಒಳ್ಳೆಯದು. ಬಯಲುಸೀಮೆಯ ಎರೆಮಣ್ಣನ್ನು ಮಾತ್ರ ಹತ್ತಿರ ಸೇರಿಸಬೇಡಿ; ಮಳೆಗಾಲದಲ್ಲಿ ಅಂಟಾಗಿ, ಬೇಸಿಗೆಯಲ್ಲಿ ಬಿರಿದು ಎರಡೂ ಕಾಲದಲ್ಲಿ ಬೇರು ಕೊಲ್ಲುತ್ತದೆ. ಮುಷ್ಟಿಯಲ್ಲಿ ಹಿಂಡಿದ ಮಿಶ್ರಣ ಬೆರಳು ಬಿಟ್ಟೊಡನೆ ಉದುರಬೇಕು.

ಕುಂಡ ಹನ್ನೆರಡು ಅಂಗುಲಕ್ಕಿಂತ ಕಿರಿದಾಗಿರಬಾರದು. ಮಣ್ಣಿನ ಕುಂಡವೇ ಲೇಸು. ಈ ಗಿಡ ನಾಲ್ಕಾರು ಅಡಿ ಎತ್ತರ ಹೋಗುತ್ತದೆ, ತಾರಸಿಯ ಗಾಳಿಗೆ ಹಗುರ ಪ್ಲಾಸ್ಟಿಕ್ ಕುಂಡ ಉರುಳುತ್ತದೆ. ಎರಡಡಿಯೊಳಗೇ ನಿಲ್ಲುವ ಗಿಡ್ಡ ತಳಿಗಳೂ ಬಂದಿವೆ, ಬಾಲ್ಕನಿಯವರಿಗೆ ಅವು ಅನುಕೂಲ. ನೆಲದಲ್ಲೇ ನೆಡುವ ಜಾಗವಿದ್ದರೆ ಕುಂಡದ ಯೋಚನೆಯೇ ಬೇಡ. ಅಂಗಳದ ಧರೆಯ ಅಂಚಿನಲ್ಲಿ, ಏರು ಮಡಿ ಮಾಡಿ, ಸಾಲಾಗಿ ನೆಟ್ಟರೆ ಕೆಲವು ವರ್ಷಗಳಲ್ಲಿ ಬೇಲಿಯಾಗಿ ನಿಲ್ಲುತ್ತದೆ. ಆಗ ಅದರ ಸೊಬಗೇ ಬೇರೆ. ಒಂದು ಕಡ್ಡಿಯಲ್ಲಿ ಒಂದೋ ಎರಡೋ ಹೂ ಮಾತ್ರ ಒಮ್ಮೆಗೆ ಅರಳುವುದರಿಂದ, ಹತ್ತಿಪ್ಪತ್ತು ಕಡ್ಡಿಯ ಮೆಳೆ ಬೆಳೆದಾಗಲೇ ನೋಡುವವರ ಕಣ್ಣು ತುಂಬುವುದು.

ಬಿಸಿಲಿನ ಮಾತಿಗೆ ಬರೋಣ, ಏಕೆಂದರೆ ಇಲ್ಲೇ ಹೆಚ್ಚಿನವರ ಗಿಡ ಕೈಕೊಡುವುದು. ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೀಳಬೇಕು. ‘ಎರಡು ವರ್ಷ ಆಯ್ತು ಅಕ್ಕ, ಎಲೆ ಎಷ್ಟು ಹಸಿರಾಗಿದೆ ನೋಡಿ, ಹೂ ಮಾತ್ರ ಇಲ್ಲ’ ಎಂದು ಬೆಂಗಳೂರಿನ ಗೆಳತಿಯೊಬ್ಬರು ಫೋಟೊ ಕಳಿಸಿದ್ದರು. ಕಡುಹಸಿರು ಎಲೆ, ಕಿಟಕಿಯ ಕಡೆಗೆ ವಾಲಿದ ಬಡಕಲು ಕಡ್ಡಿ. ಹಸಿರು ಗಾಢವಾಗಿದ್ದೇ ರೋಗದ ಲಕ್ಷಣ. ಸಿಕ್ಕ ಚೂರುಪಾರು ಬೆಳಕನ್ನೇ ಹೀರಿಕೊಳ್ಳಲು ಎಲೆ ಹಸಿರನ್ನು ತುಂಬಿಕೊಂಡಿರುತ್ತದೆ. ಸಾಕಷ್ಟು ಬಿಸಿಲುಂಡ ಬಿದಿರು ಆರ್ಕಿಡ್‌ನ ಎಲೆ ತುಸು ಹಳದಿ ಬೆರೆತ ತಿಳಿಹಸಿರಾಗಿರುತ್ತದೆ, ಕಡ್ಡಿ ಗಡುಸಾಗಿ ನೆಟ್ಟಗಿರುತ್ತದೆ. ಆಕೆಯ ಕುಂಡ ತಾರಸಿಗೆ ಹತ್ತಿತು. ಮುಂದಿನ ಮಳೆಗಾಲಕ್ಕೆ ಹೊಸ ಕಡ್ಡಿಗಳು ಎದ್ದವು, ಅವುಗಳ ತುದಿಯಲ್ಲಿ ಹೂ ಬಂತು.

ಹಾಗೆಂದು ನೆರಳಲ್ಲಿದ್ದ ಗಿಡವನ್ನು ಏಕಾಏಕಿ ಏಪ್ರಿಲ್ ಬಿಸಿಲಿಗೆ ತಳ್ಳುವಂತಿಲ್ಲ, ಎಲೆ ಬೆಂದು ಕಂದು ಕಲೆ ಬೀಳುತ್ತದೆ. ಮೊದಲು ಬೆಳಗಿನ ಎಳೆಬಿಸಿಲು, ವಾರ ಕಳೆದಂತೆ ಸ್ವಲ್ಪ ಸ್ವಲ್ಪ ಹೆಚ್ಚು. ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಜಾಗ ಬದಲಿಸಿದರೆ ಇನ್ನೂ ಸುಲಭ. ಮಲೆನಾಡು, ಕೊಡಗು, ಕರಾವಳಿ, ಮೈಸೂರು, ಬೆಂಗಳೂರಿನಲ್ಲಿ ಪೂರ್ತಿ ಬಿಸಿಲು ನಡೆಯುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯ ಉಷ್ಣ 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಮಧ್ಯಾಹ್ನದ ಮಟ್ಟಿಗೆ ಶೇ 50ರ ನೆರಳು ಪರದೆ ಕಟ್ಟಿ, ಕುಂಡದ ಮೇಲ್ಮಣ್ಣಿಗೆ ಒಣ ಎಲೆ ಮುಚ್ಚಿಡಿ. ಅಲ್ಲಿ ಶತ್ರು ಬೆಳಕಲ್ಲ, ಕಾದ ಕುಂಡದೊಳಗೆ ಬೇಯುವ ಬೇರು ಮತ್ತು ಒಣಗಾಳಿ.

ನೀರು ಬೇಸಿಗೆಯಲ್ಲಿ ದಿನವೂ, ಚಳಿಗಾಲದಲ್ಲಿ ಮೇಲ್ಮಣ್ಣು ಒಣಗುತ್ತಿದ್ದಂತೆ. ಕುಂಡದ ಕೆಳಗೆ ತಟ್ಟೆ ಇಡಬಾರದು. ಕೊಳವೆಬಾವಿಯ ಗಡಸು ನೀರೇ ಗತಿಯೆಂದಾದರೆ ಮಳೆನೀರನ್ನು ಹಿಡಿದಿಟ್ಟು ಆಗಾಗ ಧಾರಾಳವಾಗಿ ಹೊಯ್ದು, ಮಣ್ಣಿನಲ್ಲಿ ಕೂತ ಲವಣವನ್ನು ತೊಳೆದುಬಿಡಿ. ಗೊಬ್ಬರದ ವಿಷಯ ದೊಡ್ಡದಲ್ಲ. ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ ಒಂದು ಗ್ರಾಂ 19:19:19, ಎರಡು ಮೂರು ತಿಂಗಳಿಗೊಮ್ಮೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ.

ಒಂದು ವಿಷಯದಲ್ಲಿ ಮಾತ್ರ ಇದು ನಿಜಕ್ಕೂ ಸೂಕ್ಷ್ಮ. ಬೇರು ಮುಟ್ಟಿದರೆ ಮುನಿಯುತ್ತದೆ. ನರ್ಸರಿಯಿಂದ ತಂದಾಗ ಹಳೆಯ ಮಣ್ಣನ್ನು ಕೊಡವಿ, ಬೇರು ತೊಳೆದು ನೆಟ್ಟರೆ ಎಲೆಗಳು ಒಂದೊಂದಾಗಿ ಒಣಗಿ, ಗಿಡ ತಿಂಗಳುಗಟ್ಟಲೆ ಹಾಗೆಯೇ ನಿಂತುಬಿಡುತ್ತದೆ. ಮಣ್ಣಿನ ಹೆಂಟೆ ಒಡೆಯದಂತೆ ಇಡಿಯಾಗಿ ದೊಡ್ಡ ಕುಂಡಕ್ಕೆ ಇಳಿಸಬೇಕು. ವರ್ಷ ವರ್ಷ ಕುಂಡ ಬದಲಿಸುವ ಉಮೇದು ಬೇಡ.

ಹೂವಿಗೆ ಬರುವವರು

ಒಂದು ಹೂವಿನ ಆಯುಸ್ಸು ಹೆಚ್ಚೆಂದರೆ ಕೆಲವು ದಿನ. ಫೆಲನೋಪ್ಸಿಸ್ ತಿಂಗಳುಗಟ್ಟಲೆ ನಿಲ್ಲುವುದನ್ನು ಕಂಡವರಿಗೆ ಇದು ಕೊರತೆಯೆನಿಸಬಹುದು. ನನಗೆ ಹಾಗನಿಸಿಲ್ಲ. ಒಂದು ಬಾಡುವಷ್ಟರಲ್ಲಿ ಅದೇ ತುದಿಯ ಮುಂದಿನ ಮೊಗ್ಗು ಬಿರಿಯುತ್ತದೆ, ಹೂಗೊಂಚಲು ನಿಧಾನವಾಗಿ ಉದ್ದವಾಗುತ್ತಾ ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ. ಆದ್ದರಿಂದ ಹೂ ಮುಗಿಯಿತೆಂದು ಹಸಿರು ಕಡ್ಡಿಯನ್ನು ಎಂದೂ ಕತ್ತರಿಸಬೇಡಿ. ಗುಲಾಬಿ ಸವರುವ ಅಭ್ಯಾಸವಿರುವವರ ಕೈ ತಾನಾಗಿಯೇ ಕತ್ತರಿಯತ್ತ ಹೋಗುತ್ತದೆ. ಇಲ್ಲಿ ಅದು ಮುಂದಿನ ಹತ್ತಾರು ಹೂಗಳನ್ನು ಕತ್ತರಿಸಿದಂತೆ. ಕೊಯ್ದು ಹೂದಾನಿಗಿಡಲು, ಮುಡಿಯಲು ಇದು ಹೇಳಿದ್ದಲ್ಲ, ಬೇಗ ಬಾಡುತ್ತದೆ. ಗಿಡದಲ್ಲೇ ನೋಡಬೇಕು.

ನೋಡುತ್ತಾ ಕೂತರೆ ದುಂಬಿಗಳೂ ಕಾಣಸಿಗುತ್ತವೆ. ಒಣಮರದಲ್ಲಿ ತೂತು ಕೊರೆದು ಗೂಡು ಮಾಡುವ ಕಪ್ಪು ದಪ್ಪ ದುಂಬಿಗಳಂಥ ದೊಡ್ಡ ಜೇನುಬಳಗದ ಕೀಟಗಳೇ ಇದರ ಪರಾಗ ಸಾಗಿಸುವವರು. ಹೂವಿನೊಳಗೆ ಮಕರಂದದ ತೊಟ್ಟೂ ಇಲ್ಲ. ಬಣ್ಣ ನಂಬಿ ತುಟಿಯ ಮೇಲಿಳಿದು ಗಂಟಲೊಳಗೆ ತಲೆ ತೂರಿಸಿದ ದುಂಬಿ ಬರಿಗೈಲಿ ಹಿಂದೆ ಸರಿಯುತ್ತದೆ, ಬೆನ್ನಿನ ಮೇಲೆ ಪರಾಗದ ಗಂಟನ್ನು ಹೊತ್ತು. ಗಿಡ ಸಿಹಿಯನ್ನು ಹೂವಿನ ಹೊರಗೆ, ಗೊಂಚಲಿನ ಮೇಲೆ ಒಸರಿಸುತ್ತದೆ. ಅದಕ್ಕೆ ಇರುವೆಗಳು ಮುತ್ತುತ್ತವೆ. ಮೊಗ್ಗಿನ ಸುತ್ತ ಇರುವೆ ಕಂಡ ಕೂಡಲೇ ಔಷಧ ಸಿಂಪಡಿಸಬೇಕಿಲ್ಲ. ಜೊತೆಯಲ್ಲಿ ಬಿಳಿ ಹಿಟ್ಟು ತಿಗಣೆಯೋ ಹೇನೋ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಇರುವೆಗಳನ್ನು ಅವುಗಳ ಪಾಡಿಗೆ ಬಿಡಿ. ತಿಗಣೆಯಿದ್ದರೆ, ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿಯಿದ್ದರೆ, ಸಂಜೆಯ ಹೊತ್ತು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಕರಗಲು ಸ್ವಲ್ಪ ಸೋಪಿನ ನೀರು. ಮನೆಯ ಮಟ್ಟಿಗೆ ಇಷ್ಟು ಸಾಕು.

ಕಾಯಿ ಕಟ್ಟಿದರೆ ಅದರೊಳಗೆ ಹಿಟ್ಟಿಗಿಂತ ನವುರಾದ ಬೀಜ. ಅದನ್ನು ಕುಂಡದಲ್ಲಿ ಚೆಲ್ಲಿ ಕಾಯುವುದು ವ್ಯರ್ಥ. ಆರ್ಕಿಡ್ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಮಣ್ಣಿನ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಅದು ಏಳುತ್ತದೆ. 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಈ ನಂಟನ್ನು ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಸಿ ತೋರಿಸಿದರು. ಇಂದು ಪ್ರಯೋಗಾಲಯದ ಸೀಸೆಗಳಲ್ಲಿ ಸಾವಿರಾರು ಆರ್ಕಿಡ್ ಸಸಿಗಳು ಹುಟ್ಟುವುದು ಆ ಕೆಲಸದ ಫಲ.

ಮನೆಯವರಿಗೆ ಗಿಡವೇ ಇನ್ನೊಂದು ದಾರಿ ಇಟ್ಟಿದೆ. ಹೂ ಬಿಟ್ಟು ಹಳತಾದ ಕಡ್ಡಿಯ ಗೆಣ್ಣುಗಳಲ್ಲಿ ಪುಟ್ಟ ಮರಿಗಿಡಗಳು ಮೂಡುತ್ತವೆ. ಅವಸರಪಟ್ಟು ಕೀಳಬಾರದು. ಬಿಳಿ ಬೇರುಗಳು ಎರಡು ಅಂಗುಲವಾದರೂ ಇಳಿಯಲಿ. ಆಮೇಲೆ ತಾಯಿಕಡ್ಡಿಯ ತುಣುಕಿನ ಸಮೇತ ಕತ್ತರಿಸಿ, ಮರಳು ಹೆಚ್ಚಿರುವ ಮಣ್ಣಿನಲ್ಲಿ, ಕೆಲವು ವಾರ ಅರೆನೆರಳಿನಲ್ಲಿಟ್ಟರೆ ಬದುಕಿಕೊಳ್ಳುತ್ತದೆ. ಎಲೆ ಉದುರಿದ ಕಡ್ಡಿಯನ್ನು ಒದ್ದೆ ಮರಳಿನ ಮೇಲೆ ಅಡ್ಡ ಮಲಗಿಸಿದರೂ ಗೆಣ್ಣಿನಿಂದ ಮರಿ ಏಳುತ್ತದೆ. ಮಲೆನಾಡಿನ ಹೆಂಗಸರು ಡೇರೆ ಗಡ್ಡೆಯನ್ನೂ ದಾಸವಾಳದ ಗೆಲ್ಲನ್ನೂ ಮದುವೆ ಮನೆಯಿಂದ ಮದುವೆ ಮನೆಗೆ ದಾಟಿಸಿ ಊರೂರು ತುಂಬಿಸಿದರಲ್ಲ, ಬಿದಿರು ಆರ್ಕಿಡ್ ಹಾಗೆ ಹರಡಲು ಹೇಳಿ ಮಾಡಿಸಿದ ಗಿಡ. ಒಬ್ಬರ ಅಂಗಳದ ಒಂದು ಮೆಳೆ ಹತ್ತು ಮನೆಗೆ ಸಾಕಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಧರೆಯಿಂದ ಗಿಡ ಕೀಳುವವರು. ಹೂ ಕಂಡು ಮನಸೋತು ಕೈ ಹಾಕುತ್ತಾರೆ. ಕಿತ್ತದ್ದು ಉಳಿಯುವುದಿಲ್ಲ, ಬೇರು ಹರಿದ ಈ ಗಿಡ ಡಿಕ್ಕಿಯೊಳಗೆ ಊರು ತಲುಪುವಷ್ಟರಲ್ಲಿ ಸೋತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಪಟ್ಟಿಯಲ್ಲಿ ನೀಲಿ ವಂಡಾ, ಕೆಂಪು ವಂಡಾ, ಲೇಡೀಸ್ ಸ್ಲಿಪರ್ ಆರ್ಕಿಡ್‌ಗಳಿಗೆ ವಿಶೇಷ ರಕ್ಷಣೆಯಿದೆ. ಬಿದಿರು ಆರ್ಕಿಡ್ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಮೀಸಲು ಅರಣ್ಯದಿಂದಲೋ ಅಭಯಾರಣ್ಯದಿಂದಲೋ ಯಾವ ಗಿಡವನ್ನೂ ಕಿತ್ತು ತರಲು ಕಾನೂನು ಬಿಡುವುದಿಲ್ಲ. ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ಹತೋಟಿಯಲ್ಲಿದೆ. ರಸ್ತೆ ಅಗಲೀಕರಣದಲ್ಲಿ ಧರೆಗಳಿಗೆ ಕಾಂಕ್ರೀಟ್ ಗೋಡೆ ಬರುತ್ತಿರುವ ಈ ದಿನಗಳಲ್ಲಿ ಕಾಡಿನ ಗಿಡಕ್ಕೆ ನಮ್ಮಿಂದ ಇನ್ನೊಂದು ಪೆಟ್ಟು ಬೀಳಬಾರದು.

ನರ್ಸರಿಗಳಲ್ಲಿ ಈ ಗಿಡ ಸಿಗುತ್ತದೆ, ಕೇರಳದ ಬೆಳೆಗಾರರು ಅಂಚೆಯಲ್ಲೂ ಕಳಿಸುತ್ತಾರೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಗಿಡ ಮಾರುವ ಮಳಿಗೆಗಳಲ್ಲಿ ವಿಚಾರಿಸಿ. ಕೊಳ್ಳುವಾಗ ಕುಂಡದಲ್ಲೇ ಬೆಳೆದದ್ದೋ ಕಾಡಿನದೋ ಎಂದು ಕೇಳಿ. ಕೆಳಗಿನ ತೂತಿನಿಂದ ಬೇರು ಹೊರಬಂದಿದ್ದರೆ ಕುಂಡದಲ್ಲಿ ಬಹುಕಾಲ ಬೆಳೆದದ್ದೆಂದು ನಂಬಬಹುದು. ಹೊಸ ಕಡ್ಡಿ ಮೊಳೆಯುತ್ತಿರುವ ಗಿಡವನ್ನೇ ಆರಿಸಿ, ಮೊದಲ ಮಳೆ ಬಿದ್ದ ಮೇಲೆ ನೆಡಿ. ಮರಿ ಎದ್ದಾಗ ಒಂದನ್ನು ಪಕ್ಕದ ಮನೆಗೂ ಕೊಡಿ.